ಉಗಿಯಬೇಕಾಗಿದ್ದ ಗುಟುಕು

ಲೋಕದಲ್ಲಿ ಎಲ್ಲರ ಗಂಡಂದಿರೂ ಕೆಲಸಕ್ಕೆ ಹೋಗಿ ಉಗಿಸಿಕೊಂಡು ಬರುತ್ತಾರೆ. ಮೂಗಯ್ಯ ಮಾತ್ರ ಉಗಿಯುವುದಕ್ಕೆಂದೇ ಹೋಗುತ್ತಿದ್ದ, ಅದಕ್ಕೆ ತಿಂಗಳಾದರೆ ಸಂಬಳ ಬೇರೆ. ಈ ಮಾತು ಅವನ ಹೆಂಡತಿಯದು. ನೆಂಟರು ನಾಲ್ಕು ಜನ ಸೇರಿದರೆ ಸಾಕು, ಅವಳು ಇದನ್ನು ಹೇಳದೆ ಬಿಡುತ್ತಿರಲಿಲ್ಲ. ಕೇಳಿದವರು ಪ್ರತಿ ಸಲವೂ ಹೊಸದಾಗಿ ಕೇಳಿದವರಂತೆ ನಗುತ್ತಿದ್ದರು, ಮೂಗಯ್ಯನೂ ನಗುತ್ತಿದ್ದ. ಆ ನಗು ನಿಂತುಹೋಗಿ ಈಗ ಬಹಳ ಕಾಲವಾಯಿತು.

ಮೂಗಯ್ಯ ಎಂಬುದು ಹೆತ್ತವರಿಟ್ಟ ಹೆಸರಲ್ಲ. ವೈನ್ ಕಂಪನಿಯಲ್ಲಿ ಅವನ ಮೂಗಿಗೆ ಸಂದ ಬಿರುದು ಅದು. ಯಾವ ಪೀಪಾಯಿಯ ವೈನ್ ಯಾವುದರ ಜೊತೆ ಬೆರೆಯಬೇಕು, ಯಾವುದು ಸೀಸೆಗೆ ಹೋಗಬೇಕು, ಯಾವುದು ಬಚ್ಚಲಿಗೆ ಹೋಗಬೇಕು ಎಂದು ಹೇಳುವುದು ಅವನ ಕೆಲಸ. ರುಚಿ ನೋಡುವ ಕೋಣೆ ಎಂದರೆ ಅದೇನೂ ಅರಮನೆಯಲ್ಲ. ಉದ್ದಕ್ಕೆ ಒಂದು ಬಿಳಿ ಮೇಜು, ನೇರ ಬಿಸಿಲು ಬೀಳದ ಕಿಟಕಿ, ಮೂಲೆಯಲ್ಲಿ ಒಂದು ನಲ್ಲಿ, ಪ್ರತಿಯೊಬ್ಬರ ಎಡಗೈ ಪಕ್ಕದಲ್ಲಿ ಉಗಿಯಲು ಒಂದೊಂದು ಬಟ್ಟಲು. ಸೆಂಟು ಹಾಕಿಕೊಂಡವರನ್ನು ಬಾಗಿಲಿಂದಲೇ ವಾಪಸು ಕಳಿಸುತ್ತಿದ್ದರು. ಗ್ಲಾಸಿಗೆ ಸೋಪು ಸೋಕಿಸಿದವರನ್ನಂತೂ ಮೂಗಯ್ಯ ಕಣ್ಣಲ್ಲೇ ಸುಟ್ಟುಬಿಡುತ್ತಿದ್ದ. ಬರೀ ಬಿಸಿನೀರಲ್ಲಿ ತೊಳೆದು, ಬೋರಲು ಹಾಕಿ, ನೀರು ತಾನಾಗಿ ಇಳಿಯಲು ಬಿಡಬೇಕು. ಸೋಪಿನ ವಾಸನೆ ಒಂದು ಸಲ ಹಿಡಿಯಿತೋ, ಎಂಥ ವೈನ್ ಸುರಿದರೂ ಮೂಗಿಗೆ ಸೋಪೇ ಬರುತ್ತದೆ.

ಬಿಳಿ ವೈನ್ ಮೊದಲು, ಕೆಂಪು ಆಮೇಲೆ. ಗ್ಲಾಸನ್ನು ಬಿಳಿ ಕಾಗದದ ಮೇಲೆ ವಾಲಿಸಿ ಬಣ್ಣ ನೋಡುವುದು, ಮೆಲ್ಲಗೆ ತಿರುಗಿಸಿ ಮೂಗು ಇಡುವುದು, ಒಂದು ಗುಟುಕು ಹೀರಿ, ಬಾಯೊಳಗೆ ಸೊರ್ ಎಂದು ಗಾಳಿ ಎಳೆದುಕೊಂಡು, ನಾಲಿಗೆಯ ಮೂಲೆ ಮೂಲೆಗೂ ಮುಟ್ಟಿಸಿ, ಬಟ್ಟಲಿಗೆ ಉಗಿಯುವುದು. ನುಂಗುತ್ತಾ ಹೋದರೆ ಮಧ್ಯಾಹ್ನದ ಹೊತ್ತಿಗೆ ವೈನಿಗೂ ಶಾಯಿಗೂ ವ್ಯತ್ಯಾಸ ತಿಳಿಯುವುದಿಲ್ಲವಲ್ಲ! ಉಗಿದ ಮೇಲೆ ಎಲ್ಲರೂ ಮುಗಿಸುವ ತನಕ ಯಾರೂ ತುಟಿ ಬಿಚ್ಚುವಂತಿಲ್ಲ. ಒಬ್ಬರ ಮಾತು ಇನ್ನೊಬ್ಬರ ನಾಲಿಗೆಯನ್ನು ಕೆಡಿಸಬಾರದು ಎಂದು ಆ ನಿಯಮ.

ಇನ್ನೊಂದು ನಿಯಮ ಮೂಗಯ್ಯನೇ ಮಾಡಿದ್ದು. ಆ ಕೋಣೆಯಲ್ಲಿ 'ಚೆನ್ನಾಗಿದೆ' ಎನ್ನುವಂತಿರಲಿಲ್ಲ. "ಚೆನ್ನಾಗಿದೆ ಅನ್ನೋದು ನೆಂಟರ ಮನೇಲಿ ಹೇಳೋ ಮಾತು ಕಣ್ರಯ್ಯ. ಬಾಯಲ್ಲಿ ಏನು ಸಿಕ್ತು, ಅದನ್ನ ಹೇಳಿ" ಎಂದು ರೇಗುತ್ತಿದ್ದ. ಅವನು ಬಾಯಿ ತುಂಬ ಹೊಗಳಿದ್ದನ್ನು ಯಾರೂ ಕೇಳಿರಲಿಲ್ಲ. ಎಲ್ಲೋ ಅಪರೂಪಕ್ಕೆ, ತೀರಾ ಮನಸ್ಸಿಗೆ ಬಂದ ಕೆಂಪು ವೈನಿಗೆ, "ಇದಕ್ಕೆ ಕಾಲ ಬೇಕು" ಎನ್ನುತ್ತಿದ್ದ. ಅಂದರೆ ಇದರಲ್ಲಿ ಬೆಳೆಯುವ ಶಕ್ತಿ ಇದೆ, ಅವಸರ ಮಾಡಿ ಹಾಳುಮಾಡಬೇಡಿ ಎಂದರ್ಥ. ಆ ಮಾತು ಕಿವಿಗೆ ಬಿದ್ದ ಕೂಡಲೇ ಉಗ್ರಾಣದವರು ಹೋಗಿ ಆ ಪೀಪಾಯಿಗೆ ಸೀಮೆಸುಣ್ಣದ ಗುರುತು ಹಾಕಿ ಬರುತ್ತಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಲೋಕದಲ್ಲಿರಲಿಲ್ಲ.

ಅವನಿಗೆ ಒಬ್ಬಳೇ ತಂಗಿ. ಗಂಡ ಬಸ್ಸು ಓಡಿಸುತ್ತಿದ್ದ, ಇವಳು ಮನೆಯ ಹಿಂದಿನ ಇಳಿಜಾರಿನಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದಳು. ಹಣ್ಣೆಲ್ಲ ಅಣ್ಣನ ಕಂಪನಿಗೇ ಹೋಗುತ್ತಿತ್ತು. ಅಲ್ಲಿ ಹತ್ತಾರು ತೋಟದ ಹಣ್ಣು ಒಂದೇ ತೊಟ್ಟಿಗೆ ಬೀಳುತ್ತಿತ್ತು. "ಅಣ್ಣ, ಈ ಸಲದ ಸೀಸೇಲಿ ನಮ್ಮನೆ ಹಣ್ಣು ಎಲ್ಲಿದೆ ಹೇಳು ನೋಡೋಣ" ಎಂದು ಅವಳು ಪ್ರತಿ ವರ್ಷ ಕೆಣಕುವಳು. "ಸಮುದ್ರದಲ್ಲಿ ನಿಮ್ಮನೆ ನಲ್ಲಿ ನೀರು ಹುಡುಕು ಅಂತೀಯಲ್ಲೇ" ಎಂದು ಇವನು ನಗುವನು. ಅವಳೂ ನಗುತ್ತಿದ್ದಳು, ಆದರೆ ಆ ಪ್ರಶ್ನೆ ಅವಳಿಗೆ ತಮಾಷೆಯದಾಗಿರಲಿಲ್ಲ. ತನ್ನ ಕೈಯಲ್ಲಿ ಬೆಳೆದದ್ದಕ್ಕೆ ತನ್ನದೇ ಆದ ರುಚಿಯೊಂದು ಇದೆಯೋ ಇಲ್ಲವೋ ಎಂದು ತಿಳಿಯಬೇಕಿತ್ತು ಅವಳಿಗೆ, ಅಷ್ಟೇ.

ಒಂದು ವರ್ಷ ಒಳ್ಳೆಯ ಹಣ್ಣನ್ನು ಕಂಪನಿಗೆ ಕೊಡದೆ ಉಳಿಸಿಕೊಂಡಳು. ಕೈ ನೀಲಿ ಮಾಡಿಕೊಂಡು ವೈನ್ ಮಾಡಲು ಕಲಿತಳು. ಮೊದಲ ಸಲದ್ದು ಕೆಟ್ಟಿತು, ಅಳಲಿಲ್ಲ. ಎರಡನೆಯ ಸಲದ್ದನ್ನು ಒಂದು ಸಣ್ಣ ಪೀಪಾಯಿಯಲ್ಲಿ ತುಂಬಿ, ಮಗುವಿನ ಜ್ವರ ನೋಡುವ ತಾಯಿಯಂತೆ ದಿನಾ ಹೋಗಿ ಮುಟ್ಟಿ ಬರುತ್ತಿದ್ದಳು. ಅದು ಬಾಯಿಗೆ ಇಡುವ ಹದಕ್ಕೆ ಬಂದಾಗ ಅಣ್ಣ ಅತ್ತಿಗೆಯನ್ನು ಊಟಕ್ಕೆ ಕರೆದಳು. ಪೇಟೆಯ ದೊಡ್ಡ ಹೋಟೆಲಿನ ಯಜಮಾನರನ್ನೂ ಕರೆದಳು. ಹಿಡಿಸಿದರೆ ತಮ್ಮ ಹೋಟೆಲಿನಲ್ಲಿ ಇಡುತ್ತೇನೆಂದು ಅವರು ಹೇಳಿದ್ದರು. ಆದರೆ ಅವಳ ಕಣ್ಣಿದ್ದುದು ಯಜಮಾನರ ಮೇಲಲ್ಲ, ಅಣ್ಣನ ಮೇಲೆ.

ಯಜಮಾನರು ಬರಿಗೈಯಲ್ಲಿ ಬರಲಿಲ್ಲ, ತಮ್ಮದೊಂದು ಬಿಳಿ ವೈನ್ ತಂದಿದ್ದರು. ಸೀಸೆಯ ಮೇಲೆ ಚಿನ್ನದ ಬಣ್ಣದ ಚೀಟಿ, ಒಳಗೆ ಸಕ್ಕರೆ ನೀರು. ಮೂಗಯ್ಯ ಅದನ್ನು ಸರಾಗವಾಗಿ ಕುಡಿದ. ಮತ್ತೊಂದು ಗ್ಲಾಸು ಹಾಕಿಸಿಕೊಂಡ. "ಚೆನ್ನಾಗಿದೆ, ಚೆನ್ನಾಗಿದೆ" ಎಂದ. ಮರ್ಯಾದೆಗೆ ಕುಡಿದದ್ದು, ಮರ್ಯಾದೆಗೆ ಅಂದದ್ದು. ನಾಲಿಗೆ ಆಗ ರಜೆಯಲ್ಲಿತ್ತು.

ಆಮೇಲೆ ತಂಗಿ ತನ್ನ ಕೆಂಪನ್ನು ಬಿರಡೆ ಹಾಕಿದ ಎರಡು ಸೀಸೆಗಳಲ್ಲಿ ತಂದಳು. ಗ್ಲಾಸುಗಳನ್ನು ಅಣ್ಣ ಹೇಳಿಕೊಟ್ಟಂತೆ ಬಿಸಿನೀರಲ್ಲೇ ತೊಳೆದು, ಬೋರಲು ಹಾಕಿ ಒಣಗಿಸಿದ್ದಳು. ಮೊದಲು ಅಣ್ಣನ ಗ್ಲಾಸಿಗೇ ಸುರಿದಳು. ಮೂಗಯ್ಯ ಗ್ಲಾಸಿಗೆ ಮೂಗಿಟ್ಟ. ಇಟ್ಟವನು ಹಾಗೇ ಕೂತ. ಒಂದು ಗುಟುಕು ಹೀರಿದ, ಗಾಳಿ ಎಳೆದ. ಮೊದಲು ಚೆರ್ರಿ, ಅದರ ಹಿಂದೆ ಕರಿಮೆಣಸು, ಕೊನೆಯಲ್ಲಿ ಮಳೆ ನಿಂತ ಮೇಲೆ ಕಲ್ಲಿಂದ ಏಳುವ ತಣ್ಣನೆಯ ವಾಸನೆ. ಆ ಇಳಿಜಾರಿನ ಕಲ್ಲೇ ಅದು. ಇಷ್ಟು ವರ್ಷ ದೊಡ್ಡ ತೊಟ್ಟಿಯಲ್ಲಿ ಕಳೆದುಹೋಗುತ್ತಿದ್ದುದು ಇದೇ! ಮನೆಯಲ್ಲಿ ಮಾಡಿದ ವೈನ್ ಇಷ್ಟು ಗಟ್ಟಿಯಾಗಿ ತನ್ನ ಕಾಲ ಮೇಲೆ ನಿಂತದ್ದನ್ನು ಅವನು ಕಂಡೇ ಇರಲಿಲ್ಲ. ರಜೆಯಲ್ಲಿದ್ದ ನಾಲಿಗೆ ಧಡಕ್ಕನೆ ಎದ್ದು ಕೆಲಸಕ್ಕೆ ಹಾಜರಾಯಿತು. ಊಟದ ಮೇಜು ಮರೆತುಹೋಯಿತು. ಎಡಗೈ ತಾನಾಗಿ ಬಟ್ಟಲು ಹುಡುಕಿತು, ಹಣ್ಣು ಮುಗಿದು ಖಾಲಿಯಾಗಿದ್ದ ಗಾಜಿನ ಬಟ್ಟಲು ಸಿಕ್ಕಿತು, ಎಳೆದುಕೊಂಡ.

ಎಲ್ಲರ ಮುಂದೆ ಉಗಿದ.

ಉಗಿದು ಸುಮ್ಮನೆ ಕೂತ. ಕೋಣೆಯ ನಿಯಮ ನೋಡಿ, ಉಗಿದ ಮೇಲೆ ಮಾತಿಲ್ಲ. ಹುಬ್ಬು ಗಂಟಿಕ್ಕಿಕೊಂಡು ಕಿಟಕಿ ನೋಡುತ್ತಾ ಕೂತ. ಹೋಟೆಲಿನ ಯಜಮಾನರು ತಮ್ಮ ಗ್ಲಾಸನ್ನು ತುಟಿಯ ಹತ್ತಿರ ಹಿಡಿದವರು ಹಾಗೇ ಮೇಜಿನ ಮೇಲಿಟ್ಟರು. ಹೆಂಡತಿ ಮೇಜಿನ ಕೆಳಗಿಂದ ಅವನ ಕಾಲು ತುಳಿದಳು. ಆಗ ಮೂಗಯ್ಯ ತನ್ನ ಲೋಕದ ಅತಿ ದೊಡ್ಡ ಹೊಗಳಿಕೆಯನ್ನು ಬಾಯಿಬಿಟ್ಟು ಹೇಳಿದ.

"ಇದಕ್ಕೆ ಕಾಲ ಬೇಕು."

"ಹೌದೌದು, ಅವಸರ ಏನಿದೆ, ಮುಂದೆ ನೋಡೋಣ ಬಿಡಿ" ಎಂದು ಯಜಮಾನರು ಬೇರೆ ಮಾತು ತೆಗೆದರು. ತಂಗಿ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ವಾಪಸು ಬಂದಾಗ ಅವಳ ಮುಖದಲ್ಲಿ ಏನೂ ಇರಲಿಲ್ಲ. ಅದನ್ನು ಮೂಗಯ್ಯ ಕಂಡ. ಕಂಡೂ ಸುಮ್ಮನಾದ. ಅಲ್ಲೇ ಎದ್ದು, "ಅಯ್ಯೋ ಪುಟ್ಟಿ, ಅಭ್ಯಾಸ ಕಣೇ, ನನ್ನ ಬಾಯಿಗೆ ಬೆಂಕಿ ಬೀಳ" ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ದೊಡ್ಡ ಮನುಷ್ಯನಲ್ಲವೇ! ಯಜಮಾನರ ಮುಂದೆ ತಪ್ಪಾಯಿತು ಎನ್ನಲು ನಾಚಿಕೆ. ನನ್ನ ಕೆಲಸ ಇವಳಿಗೆ ಗೊತ್ತಿಲ್ಲವೇ, ಅರ್ಥ ಮಾಡಿಕೊಳ್ಳುತ್ತಾಳೆ, ನಾಳೆ ಹೇಳಿದರಾಯಿತು ಎಂದುಕೊಂಡ. ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ ಒಂದೇ ಒಂದು ಮಾತಾಡಿದಳು. "ರೀ, ಆ ಸಕ್ಕರೆ ನೀರನ್ನ ನುಂಗಿದ್ರಲ್ಲ, ಒಡಹುಟ್ಟಿದವಳದ್ದು ಗಂಟಲಲ್ಲಿ ಇಳೀಲಿಲ್ವಾ?"

ಮಾತಿಗೆ ಕಾಲು ಬಂತು. 'ಅಣ್ಣ ಉಗಿದನಂತೆ' ಎಂದು ಯಜಮಾನರಿಂದ ಕೇಳಿದ್ದ ಹೋಟೆಲಿನ ಅಡುಗೆಯವನು ಹೇಳಿದ. ಪೇಟೆ ಬೀದಿಗೆ ಬರುವಷ್ಟರಲ್ಲಿ ಅದು 'ಅಣ್ಣ ಚೆನ್ನಾಗಿ ಉಗಿದನಂತೆ' ಎಂದಾಯಿತು. ಬಸ್ ನಿಲ್ದಾಣದಲ್ಲಿ, 'ಇದೇನು ವೈನಾ, ಕೊಚ್ಚೆ ನೀರಾ ಅಂತ ಮುಖಕ್ಕೇ ಉಗಿದನಂತೆ' ಎಂದು ಬೆಳೆದಿತ್ತು. ಬಾಯಿಂದ ಉಗಿಯುವುದಕ್ಕೂ ಮಾತಿಂದ ಉಗಿಯುವುದಕ್ಕೂ ನಮ್ಮಲ್ಲಿ ಒಂದೇ ಮಾತಿದ್ದರೆ ಜನರಾದರೂ ಏನು ಮಾಡಿಯಾರು? ತಂಗಿಯ ಗಂಡ ಬಸ್ಸಲ್ಲಿ ಕೂತು ಅದನ್ನೆಲ್ಲ ಕೇಳಿಸಿಕೊಂಡ.

ಮೂಗಯ್ಯ ಫೋನು ಮಾಡಿದ, ಮಾಡಲಿಲ್ಲವೆಂದಲ್ಲ. ನಾಳೆ ಎಂದವನು ವಾರ ಬಿಟ್ಟು ಮಾಡಿದ. "ಪುಟ್ಟಿ, ಅವತ್ತಿನ ವಿಷಯ..." ಎಂದ. "ಬಿಡಣ್ಣ, ಅದನ್ನೆಲ್ಲ ಎಲ್ಲಿ ಹಿಡ್ಕೊಂಡು ಕೂತೆ. ಅತ್ತಿಗೆ ಹುಷಾರಾ?" ಎಂದಳು. ಅವನು ಹುಷಾರಿದ್ದಾಳೆ ಎಂದ. ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ತಿಳಿಯಿತು, ಪೀಪಾಯಿಯಲ್ಲಿದ್ದುದನ್ನೆಲ್ಲ ಅಷ್ಟರೊಳಗೇ ಅವಳು ಮೋರಿಗೆ ಸುರಿದಿದ್ದಳು. ಮುಂದಿನ ವರ್ಷದಿಂದ ಹಣ್ಣು ಮತ್ತೆ ಕಂಪನಿಯ ತೊಟ್ಟಿಗೆ ಬರತೊಡಗಿತು.

ಅವಳು ಸಿಟ್ಟು ತೋರಿಸಲಿಲ್ಲ. ಅದೇ ಕಷ್ಟವಾದದ್ದು. ಕರೆಯುತ್ತಿದ್ದಳು, ಬರುತ್ತಿದ್ದಳು, ಬಡಿಸುತ್ತಿದ್ದಳು. ಊಟಕ್ಕೆ ಕೂತಾಗ ಬೇರೆಯವರ ಮುಂದೆ ವೈನಿನ ಗ್ಲಾಸು, ಅಣ್ಣನ ಮುಂದೆ ಮಾತ್ರ ನೀರಿನ ಲೋಟ. "ಅಣ್ಣನಿಗೆ ದಿನಾ ಅದೇ ಕೆಲಸ, ಪಾಪ, ಇಲ್ಲಾದ್ರೂ ಬಿಡುವು ಇರ್ಲಿ" ಎನ್ನುತ್ತಿದ್ದಳು. ಮೂಗಯ್ಯ ಆ ನೀರನ್ನು ತಲೆ ತಗ್ಗಿಸಿ ಕುಡಿಯುತ್ತಿದ್ದ. ವರ್ಷಗಳು ಹೀಗೇ ಹೋದವು. ತಲೆ ಬೆಳ್ಳಗಾಯಿತು, ಕಂಪನಿಯವರು ಹಾರ ಹಾಕಿ ಮನೆಗೆ ಕಳಿಸಿದರು. ಅವನ ಬಾಯಿ ಸಾವಿರಾರು ವೈನ್ ಕಂಡಿತ್ತು. ನಿವೃತ್ತಿಯ ಮೇಲೆ ಖಾಲಿ ಕೂತಾಗ ಅವುಗಳಲ್ಲಿ ಒಂದೂ ನೆನಪಿಗೆ ಬರುತ್ತಿರಲಿಲ್ಲ, ಬರುತ್ತಿದ್ದುದು ಅದೊಂದೇ. ಚೆರ್ರಿ, ಕರಿಮೆಣಸು, ಒದ್ದೆ ಕಲ್ಲು. ಉಗಿದುಬಿಟ್ಟೆನಲ್ಲ ಎಂದು ಕೈ ಕೈ ಹಿಸುಕಿಕೊಳ್ಳುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ತಂಗಿಯೇ ಫೋನು ಮಾಡಿದಳು.

"ಅಣ್ಣ, ಬಳ್ಳಿ ಕೀಳಿಸೋಣ ಅಂತಿದೀವಿ. ಯಾರೋ ಗೋಡೌನ್ ಕಟ್ಟೋಕೆ ಜಾಗ ಕೇಳ್ತಿದಾರೆ. ಮಷೀನಿನವನು ಬರ್ತೀನಿ ಅಂದ, ನಾನೇ ಎರಡು ದಿನ ತಡಿ ಅಂದೆ. ನೀನೊಂದ್ಸಲ ಬಂದು ಹೋಗು."

"ಕೀಳಿಸ್ಬೇಡ ಕಣೇ!" ಎಂದ ಮೂಗಯ್ಯ, ತನ್ನ ದನಿಗೆ ತಾನೇ ಬೆಚ್ಚಿ.

"ಯಾಕೆ?"

ಫೋನಿನಲ್ಲಿ ಹೇಳುವ ಮಾತೇ ಅದು! "ಬಂದು ಹೇಳ್ತೀನಿ" ಎಂದ.

ಹೊರಡುವಾಗ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು. "ರೀ, ಈ ಸಲನಾದ್ರೂ ಬಾಯಿ ಬಿಡಿ. ಮೂಗಯ್ಯ ಅಂತ ಮೂಗಿಗೆ ಇಟ್ಟ ಹೆಸರು, ಮೂಗನಿಗೆ ಇಟ್ಟಿದ್ದಲ್ಲ." ದಾರಿಯುದ್ದಕ್ಕೂ ಅವನು ಮಾತು ಜೋಡಿಸಿಕೊಂಡ. ಪುಟ್ಟಿ, ಅವತ್ತು ನಾನು ಉಗಿದದ್ದು ನಿನ್ನ ವೈನನ್ನು ಅಷ್ಟು ದೊಡ್ಡದೆಂದು ತಿಳಿದದ್ದಕ್ಕೆ. ಹೊಟ್ಟೆಗೆ ಹಾಕಿಕೋ. ಬಳ್ಳಿ ಉಳಿಸು, ಇನ್ನೊಂದು ಸಲ ಮಾಡು. ಇಷ್ಟೇ. ಇಷ್ಟು ಹೇಳಲು ಒಂದು ಆಯುಸ್ಸು ಬೇಕಾಯಿತೇ ಎಂದು ತನ್ನನ್ನೇ ಬೈದುಕೊಂಡ.

ಮಧ್ಯಾಹ್ನದ ಬಿಸಿಲು ಅಡುಗೆಮನೆಯ ಮೇಜಿನ ಮೇಲೆ ಬಿದ್ದಿತ್ತು. ಗಂಡ ಬಸ್ಸಿಗೆ ಹೋಗಿದ್ದ, ಮನೆಯಲ್ಲಿ ಅವಳೊಬ್ಬಳೇ. ಕಿಟಕಿಯಾಚೆ ಬಳ್ಳಿಗಳು ಬರಿ ಕಡ್ಡಿಯಾಗಿ ನಿಂತಿದ್ದವು. ಕೂತು ಒಂದು ಉಸಿರು ಬಿಡುವಷ್ಟರಲ್ಲಿ ಅವಳು ಒಲೆಯ ಮೇಲಿನ ಕಪಾಟಿಗೆ ಕೈ ಹಾಕಿ, ಧೂಳು ಹಿಡಿದ ಒಂದು ಸೀಸೆ ಇಳಿಸಿದಳು.

"ಕಾಲ ಬೇಕು ಅಂದಿದ್ದೆಯಲ್ಲ. ಇದೊಂದು ಉಳ್ಕೊಂಡಿತ್ತು" ಎಂದಳು.

ಮೂಗಯ್ಯ ಕಪಾಟಿನತ್ತ ನೋಡಿದ. ಸೀಸೆ ಇಷ್ಟು ವರ್ಷ ನಿಂತೇ ಇತ್ತು, ಅದೂ ಒಲೆಯ ಶಾಖದ ಮೇಲೆ. ವೈನನ್ನು ಮಲಗಿಸಿ ತಂಪಿನಲ್ಲಿಡದಿದ್ದರೆ ಬಿರಡೆ ಒಣಗಿ ಗಾಳಿ ಒಳಗೆ ಹೋಗುತ್ತದೆ ಎಂದು ಅವಳಿಗೆ ಹೇಳಿಕೊಟ್ಟವನೇ ಅವನು. ಬಿರಡೆ ಪುಡಿಪುಡಿಯಾಗಿ ಹೊರಬಂತು. ಗ್ಲಾಸುಗಳು ಮಾತ್ರ ಹಿಂದಿನಂತೆಯೇ ಬಿಸಿನೀರಲ್ಲಿ ತೊಳೆದು ಬೋರಲಾಗಿದ್ದವು. ಅವಳು ಎರಡು ಗ್ಲಾಸಿಗೂ ಸುರಿದಳು. ಆಮೇಲೆ ಒಂದು ಗಾಜಿನ ಬಟ್ಟಲು ತಂದು ಅಣ್ಣನ ಎಡಗೈ ಪಕ್ಕದಲ್ಲಿಟ್ಟಳು. ಅದೇ ಬಟ್ಟಲು.

"ಬೇಕಾಗ್ಬಹುದು" ಎಂದಳು. ದನಿಯಲ್ಲಿ ಕೊಂಕಿರಲಿಲ್ಲ. ಆದರೆ ಮೂಗಯ್ಯನಿಗೆ ಕೊಂಕಾಗಿಯೇ ಕೇಳಿಸಿತು. ಮುಖಕ್ಕೆ ಹೊಡೆದಂತಾಯಿತು.

ಗ್ಲಾಸು ಮೂಗಿನ ಹತ್ತಿರ ಬರುವುದೇ ಬೇಕಿರಲಿಲ್ಲ. ಹುಳಿ ಕಟುವಾಗಿ ಹೊಡೆಯಿತು. ಚೆರ್ರಿ ಸತ್ತಿತ್ತು, ಕರಿಮೆಣಸು ಸತ್ತಿತ್ತು, ಕಲ್ಲೂ ಇರಲಿಲ್ಲ. ಬರೀ ವಿನೆಗರ್. ಇದನ್ನು ಬಾಯಿಗಿಟ್ಟವನು ಉಗಿಯಲೇಬೇಕು, ಯಾರಾದರೂ ಉಗಿಯುತ್ತಾರೆ. ಆದರೆ ಎದುರಿಗೆ ತಂಗಿ ಕೂತಿದ್ದಾಳೆ, ಕಣ್ಣು ಅವನ ಬಾಯಿ ಮೇಲೆ. ಇನ್ನೊಂದು ಸಲವೇ? ಅದೇ ಬಟ್ಟಲಿಗೆ, ಅವಳ ಕಣ್ಣೆದುರೇ? ಸತ್ತರೂ ಇಲ್ಲ ಎಂದುಕೊಂಡ. ಹಟಕ್ಕೆ ಬಿದ್ದು ಗುಟುಕು ಹೀರಿದ. ಗಂಟಲು ಉರಿಯಿತು, ಕಣ್ಣಲ್ಲಿ ನೀರು ಬಂತು, ನುಂಗಿದ. ಇನ್ನೊಂದು ಗುಟುಕು, ಅದನ್ನೂ ನುಂಗಿದ. ಗ್ಲಾಸು ಖಾಲಿ ಮಾಡಿ ಮೇಜಿನ ಮೇಲಿಟ್ಟು, ಬಟ್ಟಲನ್ನು ದೂರ ತಳ್ಳಿದ.

"ಚೆನ್ನಾಗಿದೆ ಕಣೇ" ಎಂದ. "ತುಂಬಾ ಚೆನ್ನಾಗಿದೆ."

ಜೀವಮಾನದ ತಪ್ಪನ್ನು ತಿದ್ದಿಕೊಂಡೆ ಎಂದೇ ಆ ಕ್ಷಣ ಅವನಿಗನ್ನಿಸಿತು.

ತಂಗಿ ತನ್ನ ಗ್ಲಾಸು ಎತ್ತಿದಳು, ಒಂದು ಗುಟುಕು ಬಾಯಿಗೆ ಹಾಕಿಕೊಂಡಳು, ಬಟ್ಟಲನ್ನು ಎಳೆದುಕೊಂಡು ಥೂ ಎಂದು ಉಗಿದಳು. ಸೆರಗಿನಿಂದ ತುಟಿ ಒರೆಸಿಕೊಂಡಳು.

"ಇದು ಕೆಟ್ಟಿದೆ ಅಣ್ಣ."

ಮೂಗಯ್ಯ ತನ್ನ ಖಾಲಿ ಗ್ಲಾಸನ್ನು ನೋಡಿದ.

"ಕೆಟ್ಟಿರುತ್ತೆ ಅಂತ ನನಗೆ ಗೊತ್ತಿತ್ತು" ಎಂದಳು ಅವಳು. "ಅವತ್ತು ಸಿಟ್ಟಲ್ಲಿ ತಗೊಂಡೋಗಿ ಅಲ್ಲಿ ನಿಲ್ಲಿಸಿದ್ದು. ಆಮೇಲೆ ಮಲಗಿಸಿ ಇಡೋಣ ಅಂದ್ಕೊಂಡೆ, ಮನಸ್ಸು ಬರ್ಲಿಲ್ಲ. ನಾನು ಬಟ್ಟಲು ಇಟ್ಟಿದ್ದು ನಿನ್ನ ಹಂಗಿಸೋಕಲ್ಲ. ನೀನು ಉಗೀತೀಯ, ಕೆಟ್ಟಿದೆ ಕಣೇ ಅಂತೀಯ. ಆಗ ಕೇಳೋಣ ಅಂತಿದ್ದೆ."

"ಏನನ್ನ?"

"ಅವತ್ತು ಹೇಗಿತ್ತು ಅಂತ." ಅವಳು ಕಿಟಕಿಯಾಚೆ ನೋಡಿದಳು. "ಊರವರು ಏನಂದ್ರೂ ನಾನು ನಿನ್ನ ಬಾಯಿಂದ ಕೇಳಿರ್ಲಿಲ್ಲ. ಚೆನ್ನಾಗಿರ್ಲಿಲ್ಲ ಅಂದಿದ್ರೆ ಇವತ್ತು ನಿಶ್ಚಿಂತೆಯಿಂದ ಬಳ್ಳಿ ಕೀಳಿಸ್ತಿದ್ದೆ. ಚೆನ್ನಾಗಿತ್ತು ಅಂದಿದ್ರೆ ಮಷೀನಿನವನಿಗೆ ಬರ್ಬೇಡ ಅಂತಿದ್ದೆ. ನೀನು ಯಾವುದು ಹೇಳಿದ್ರೂ ಸರಿ. ವೈನಿನ ವಿಷಯದಲ್ಲಿ ನಮ್ಮಣ್ಣ ದೇವರು ಬಂದು ಕೇಳಿದ್ರೂ ಸುಳ್ಳು ಹೇಳಲ್ಲ ಅಂತ ಅದೊಂದು ನಂಬಿಕೆ ಇತ್ತು."

"ಪುಟ್ಟಿ, ಚೆನ್ನಾಗಿತ್ತು ಕಣೇ!" ಮೂಗಯ್ಯ ಎದ್ದೇ ನಿಂತ. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದುದೆಲ್ಲ ಒಟ್ಟಿಗೇ ನುಗ್ಗಿತು. "ನಿನ್ನಾಣೆ. ಅಭ್ಯಾಸದ ಮೇಲೆ ಉಗಿದೆ. ಕಾಲ ಬೇಕು ಅಂದಿದ್ದು ಹೊಗಳಿ ಅಂದಿದ್ದು. ಆ ಯಜಮಾನರ ಬಿಳೀದು ಬರೀ ಸಕ್ಕರೆ ನೀರು, ಅದಕ್ಕೇ ನುಂಗಿದೆ, ಮರ್ಯಾದೆಗೆ ಚೆನ್ನಾಗಿದೆ ಅಂದೆ. ನಿಂದು ಹಾಗಲ್ಲ. ನಿಂದರಲ್ಲಿ ಈ ಇಳಿಜಾರಿತ್ತು, ಈ ಕಲ್ಲಿತ್ತು. ನನ್ನ ಆಯುಸ್ಸಲ್ಲಿ ಅಂಥದ್ದು ಕುಡಿದಿಲ್ಲ."

ಅವಳು ಅಣ್ಣನ ಮುಖವನ್ನು ಬಹಳ ಹೊತ್ತು ನೋಡಿದಳು. ನಂಬಲು ಒದ್ದಾಡುತ್ತಿದ್ದಳು, ಅದು ಅವಳ ಕಣ್ಣಲ್ಲೇ ಕಾಣುತ್ತಿತ್ತು.

"ಇದನ್ನೂ ಈಗ ತುಂಬಾ ಚೆನ್ನಾಗಿದೆ ಅಂದೆಯಲ್ಲಣ್ಣ" ಎಂದಳು ಕೊನೆಗೆ, ಮೆಲ್ಲಗೆ. "ನನ್ನ ಮನಸ್ಸು ನೋಯಬಾರ್ದು ಅಂತ ಅಂದೆ, ಗೊತ್ತು. ಅವತ್ತಿನದನ್ನೂ ಈಗ ಅದಕ್ಕೇ ಹೇಳ್ತಿದೀಯೋ ಏನೋ. ನನಗೆ ಹೇಗೆ ಗೊತ್ತಾಗ್ಬೇಕು ಹೇಳು."

"ಪುಟ್ಟಿ..."

"ಇವತ್ತೊಂದು ದಿನ ಉಗಿದಿದ್ರೆ ನಂಬ್ತಿದ್ದೆ."

ಮೂಗಯ್ಯ ಕುರ್ಚಿಯಲ್ಲಿ ಕುಸಿದು ಕೂತ. ಅವಳೇ ಎದ್ದು ಒಂದು ಲೋಟ ನೀರು ತಂದು ಅವನ ಕೈಗೆ ಕೊಟ್ಟಳು. "ಕುಡಿ, ಹೊಟ್ಟೆ ಉರೀತಿರುತ್ತೆ. ಈ ವಯಸ್ಸಲ್ಲಿ ಅದನ್ನ ಯಾರಾದ್ರೂ ಪೂರ್ತಿ ಕುಡೀತಾರಾ" ಎಂದು ಗದರಿದಳು. ಚಿಕ್ಕಂದಿನಲ್ಲಿ ಗದರುತ್ತಿದ್ದ ಹಾಗೇ ಇತ್ತು ದನಿ. ಅದಕ್ಕೇ ಅವನಿಗೆ ಅಳು ಬಂತು.

ಅವಳು ಬಾಗಿಲ ಹತ್ತಿರ ಹೋಗಿ ಫೋನಿನಲ್ಲಿ ಮಷೀನಿನವನಿಗೆ, "ಹ್ಞೂಂ, ನಾಳೆ ಬೆಳಿಗ್ಗೆ ಬಾ" ಎಂದಳು. ವಾಪಸು ಬಂದು, ಉಳಿದ ವೈನನ್ನು ನಲ್ಲಿಯ ಕೆಳಗೆ ಸುರಿದಳು, ಗ್ಲಾಸು ಎರಡನ್ನೂ ತೊಟ್ಟಿಗೆ ಇಳಿಸಿದಳು. ಬಿಸಿನೀರು ಬಿಡಲಿಲ್ಲ. ಪಾತ್ರೆ ತೊಳೆಯುವ ಸೋಪನ್ನು ಸ್ಪಂಜಿಗೆ ಹಚ್ಚಿ, ಒಳಗೂ ಹೊರಗೂ ನೊರೆ ಬರುವಂತೆ ಉಜ್ಜತೊಡಗಿದಳು. ಮೂಗಯ್ಯ ಬೇಡ ಎನ್ನಲು ಬಾಯಿ ತೆರೆದ. ತೆರೆದ ಬಾಯಿಗೆ ನೀರಿನ ಲೋಟ ಇಟ್ಟುಕೊಂಡು, ಒಂದೊಂದೇ ಗುಟುಕು ನುಂಗಿದ.